ಮೊದಲು ಹಣಿಗೆ, ಆಮೇಲೆ ನೀರು

ನಮ್ಮನೆ ಮುತ್ತುಗೆ ಮೊದಲ ಸಲ ನಾನೇ ಸ್ನಾನ ಮಾಡಿಸಿದ ಭಾನುವಾರ ಇನ್ನೂ ನೆನಪಿದೆ. ಮುತ್ತು ಅಂದರೆ ಬಿಳಿ ಪಮೇರಿಯನ್. ಹುಬ್ಬಳ್ಳಿಯಲ್ಲಿ ನಾವೆಲ್ಲ ಪಮೇರಿಯನ್ ಅಂತ ಕರೆಯುವ ಈ ನಾಯಿ ಬಹುತೇಕ ಮನೆಗಳಲ್ಲಿ ನಿಜವಾಗಿ ಇಂಡಿಯನ್ ಸ್ಪಿಟ್ಜ್. ಇರಲಿ, ಹೆಸರಿಗೆ ಜಗಳ ಬೇಡ. ಹಿಂದಿನ ದಿನ ಉಣಕಲ್ ಕೆರೆ ಕಡೆ ತಿರುಗಾಡಲು ಹೋದಾಗ ಮೈತುಂಬ ಉತ್ತರಾಣಿ ಬೀಜ ಅಂಟಿಸಿಕೊಂಡು ಬಂದಿತ್ತು. ನೀರಲ್ಲಿ ನೆನೆದರೆ ತಾನಾಗಿಯೇ ಬಿಡುತ್ತದೆ ಅಂದುಕೊಂಡೆ. ಎರಡು ಬಕೆಟ್ ನೀರು ಸುರಿದೆ, ಶಾಂಪೂ ಹಾಕಿ ಗಸಗಸ ತಿಕ್ಕಿದೆ.

ಸಂಜೆ ಹೊತ್ತಿಗೆ ಮೈ ಒಣಗಿತು. ಕಿವಿಯ ಹಿಂದೆ, ಕಂಕುಳಲ್ಲಿ, ತೊಡೆ ಸಂದಿಯಲ್ಲಿ ಕೂದಲೆಲ್ಲ ಬೀಜದ ಸಮೇತ ಗಟ್ಟಿ ಗಂಟಾಗಿತ್ತು. ಪಕ್ಕದ ಮನೆ ಕಾಕಾ ಗೇಟಿನ ಹತ್ತಿರ ನಿಂತು, "ಏನ್ರೀ, ನಾಯಿಗೆ ನವಲಗುಂದದ ಜಮಖಾನಿ ಹೊದಸೀರೇನು?" ಅಂದರು. ಕೊನೆಗೆ ಮಷಿನ್ ಹಿಡಿಸಿ ಬೋಳಿಸಬೇಕಾಯಿತು. ಎರಡು ತಿಂಗಳು ಮುತ್ತು ಅರ್ಧ ಕುರಿ, ಅರ್ಧ ನಾಯಿ.

ಅವತ್ತು ಕಲಿತದ್ದು ಇಷ್ಟೇ: ನಾಯಿಯನ್ನು ತೊಳೆಯುವುದು ಕಡಿಮೆ ಇರಬೇಕು, ಬಾಚುವುದು ಜಾಸ್ತಿ ಇರಬೇಕು. ಗಂಟಿನ ಮೇಲೆ ನೀರು ಬಿದ್ದರೆ ಗಂಟು ಬಿಗಿಯುತ್ತದೆ. ಕೆಳಗೆ ಬರೆದಿರುವುದೆಲ್ಲ ಮನೆಯಲ್ಲೇ ಮಾಡುವ ಕೆಲಸ. ಪಾರ್ಲರ್ ಬೇಕಾಗಿಲ್ಲ, ತಾಳ್ಮೆ ಬೇಕು.

ನಿಮ್ಮ ನಾಯಿಯ ಕೂದಲು ಯಾವ ಥರದ್ದು?

ಎಲ್ಲಾ ನಾಯಿಗೂ ಒಂದೇ ಲೆಕ್ಕ ಇಲ್ಲ. ನಮ್ಮ ಭಾಗದ ಹೆಮ್ಮೆ ಮುಧೋಳ ನಾಯಿಯನ್ನೇ ನೋಡಿ. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂದ ನಾಯಿ ಅದು. ಮುಧೋಳ ತಾಲೂಕಿನ ತಿಮ್ಮಾಪುರದಲ್ಲಿ ಅದಕ್ಕಾಗಿಯೇ ಸಂಶೋಧನಾ ಕೇಂದ್ರ ಇದೆ. ಅದರ ಕೂದಲು ಗಿಡ್ಡ, ಮೈಗಂಟಿ ಕೂತಿರುತ್ತದೆ, ಒಳಗೆ ಉಣ್ಣೆ ಇರುವುದಿಲ್ಲ. ವಾರಕ್ಕೊಮ್ಮೆ ರಬ್ಬರ್ ಬ್ರಷ್ ಅಥವಾ ಒರಟು ಒದ್ದೆ ಬಟ್ಟೆ ಆಡಿಸಿದರೆ ಮುಗಿಯಿತು. ಆದರೆ ಚರ್ಮ ತೆಳು, ಮೈಯಲ್ಲಿ ಕೊಬ್ಬು ಕಡಿಮೆ. ಹಾಗಾಗಿ ಡಿಸೆಂಬರ್ ಚಳಿಯಲ್ಲಿ ಸ್ನಾನಕ್ಕಿಂತ ಒಂದು ಹಳೇ ಕಂಬಳಿ ಕೊಡುವುದು ದೊಡ್ಡ ಉಪಕಾರ. ಬೀದಿಯಿಂದ ತಂದು ಸಾಕಿದ ನಮ್ಮ ನಾಟಿ ನಾಯಿಗೂ ಹೆಚ್ಚುಕಡಿಮೆ ಇಷ್ಟೇ ಸಾಕು.

ಪಮೇರಿಯನ್, ಜರ್ಮನ್ ಶೆಫರ್ಡ್, ಗೋಲ್ಡನ್ ರಿಟ್ರೀವರ್, ಲ್ಯಾಬ್ರಡಾರ್, ಇವಕ್ಕೆಲ್ಲ ಎರಡು ಪದರದ ಕೂದಲು. ಮೇಲೆ ಉದ್ದದ ಒರಟು ಕೂದಲು, ಒಳಗೆ ಮೆತ್ತನೆ ಉಣ್ಣೆ. ಹವಾಮಾನ ಬದಲಾಗುವಾಗ ಒಳಗಿನ ಉಣ್ಣೆ ರಾಶಿ ರಾಶಿ ಉದುರುತ್ತದೆ. ಲ್ಯಾಬ್ರಡಾರ್ ಕೂದಲು ಗಿಡ್ಡ ಇದೆ, ಉದುರಲ್ಲ ಅಂತ ನಂಬಿ ತಂದವರ ಸೋಫಾ ಒಮ್ಮೆ ನೋಡಿಬನ್ನಿ. ಇವನ್ನು ವಾರಕ್ಕೆ ಎರಡು ಮೂರು ಸಲ ಬಾಚಬೇಕು. ಶಿಹ್ ತ್ಸು ಥರದವಕ್ಕೆ ಕೂದಲು ಬೆಳೆಯುತ್ತಲೇ ಇರುತ್ತದೆ. ದಿನಾ ಬಾಚಲು ಆಗದಿದ್ದರೆ ಗಿಡ್ಡಗೆ ಕತ್ತರಿಸಿ ಇಟ್ಟುಬಿಡಿ, ಅದೇ ಮರ್ಯಾದೆ.

ಹಂತ 1: ಬಾಚುವುದು

ಬೇಕಾದದ್ದು ಎರಡೇ. ಬಾಗಿದ ತಂತಿಯ ಹಲ್ಲಿರುವ ಸ್ಲಿಕರ್ ಬ್ರಷ್ ಒಂದು, ಸ್ಟೀಲ್ ಹಣಿಗೆ ಒಂದು. ನಾವು ತಲೆ ಬಾಚುವ ಪ್ಲಾಸ್ಟಿಕ್ ಹಣಿಗೆ ಮೇಲಿನ ಪದರದಲ್ಲೇ ಜಾರಿಹೋಗುತ್ತದೆ. ಮೇಲೆ ರೇಷ್ಮೆ, ಒಳಗೆ ಗಂಟು.

ನಾಯಿಯನ್ನು ಮಗ್ಗಲು ಮಲಗಿಸಿ. ಊಟ ಆಗಿ ಒಂದು ತಾಸು ಕಳೆದ ಮೇಲೆ, ವಾಕಿಂಗ್ ಮುಗಿಸಿ ಸುಸ್ತಾಗಿರುವಾಗ ಮಾಡಿದರೆ ಅರ್ಧ ಕೆಲಸ ಸಲೀಸು. ಎಡಗೈಯಿಂದ ಕೂದಲನ್ನು ಮೇಲಕ್ಕೆ ಒತ್ತಿ ಹಿಡಿಯಿರಿ. ಬೈತಲೆ ತೆಗೆದ ಹಾಗೆ ಚರ್ಮ ಒಂದು ಗೆರೆಯಲ್ಲಿ ಕಾಣಬೇಕು. ಆ ಗೆರೆಯಿಂದ ಕೆಳಕ್ಕೆ ಸ್ವಲ್ಪವೇ ಕೂದಲು ಬಿಟ್ಟು ಬಾಚಿ. ಆಮೇಲೆ ಅರ್ಧ ಇಂಚು ಮೇಲೆ ಇನ್ನೊಂದು ಗೆರೆ. ಹೀಗೆ ಹೊಟ್ಟೆಯಿಂದ ಬೆನ್ನಿನವರೆಗೆ ಏರುತ್ತಾ ಹೋಗಿ. ಬ್ರಷ್ ಆದ ಮೇಲೆ ಸ್ಟೀಲ್ ಹಣಿಗೆ ಆಡಿಸಿ ನೋಡಿ. ಬುಡದಿಂದ ತುದಿವರೆಗೆ ಎಲ್ಲೂ ಸಿಕ್ಕದೆ ಬಂದರೆ ಆ ಜಾಗ ಪಾಸ್.

ಗಂಟು ಸಿಕ್ಕರೆ ಜಗ್ಗಬೇಡಿ. ಗಂಟಿಗೂ ಚರ್ಮಕ್ಕೂ ನಡುವೆ ಕೂದಲನ್ನು ಎರಡು ಬೆರಳಲ್ಲಿ ಬಿಗಿಯಾಗಿ ಹಿಡಿಯಿರಿ, ಎಳೆತ ಚರ್ಮಕ್ಕೆ ತಾಗಬಾರದು. ಒಂದು ಹನಿ ಕೊಬ್ಬರಿ ಎಣ್ಣೆ ಸವರಿ, ಬೆರಳಿನಿಂದಲೇ ಗಂಟನ್ನು ಸಣ್ಣ ಸಣ್ಣದಾಗಿ ಸೀಳಿ, ತುದಿಯಿಂದ ಬಿಡಿಸುತ್ತಾ ಬುಡಕ್ಕೆ ಬನ್ನಿ. ಬಿಡಲೇ ಇಲ್ಲ ಅಂದರೆ ಕತ್ತರಿ. ಆದರೆ ಸುಮ್ನೆ ಕತ್ತರಿ ಇಡಬೇಡಿ. ಗಂಟಿನ ಜೊತೆ ಚರ್ಮವೂ ಮೇಲೆ ಎದ್ದು ಬಂದಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಮೊದಲು ಹಣಿಗೆಯನ್ನು ಗಂಟಿನ ಕೆಳಗೆ, ಚರ್ಮಕ್ಕೆ ಒತ್ತಿ ತೂರಿಸಿ. ಆಮೇಲೆ ಹಣಿಗೆಯ ಮೇಲ್ಭಾಗದಲ್ಲಿ ಕತ್ತರಿಸಿ. ಹಣಿಗೆಯೇ ಗುರಾಣಿ.

ಬಾಚುವಾಗ ಬೆರಳುಗಳಿಗೂ ಕೆಲಸ ಇದೆ. ಗಡ್ಡೆ, ಹುಣ್ಣು, ಉಣ್ಣಿ, ಕೆಂಪಗಾದ ಜಾಗ, ಎಲ್ಲವೂ ಮೊದಲು ಕೈಗೆ ಸಿಗುತ್ತವೆ, ಕಣ್ಣಿಗಲ್ಲ. ನನ್ನ ಮಟ್ಟಿಗೆ ಬಾಚುವುದರ ದೊಡ್ಡ ಲಾಭ ಇದೇ. ಅಂದ ಎರಡನೆಯದು.

ಹಂತ 2: ಸ್ನಾನ

ಯಾವಾಗ? ಹುಬ್ಬಳ್ಳಿ-ಧಾರವಾಡದವರಿಗೆ ಈ ಪ್ರಶ್ನೆಯನ್ನು ಪಂಚಾಂಗಕ್ಕಿಂತ ನಳ ತೀರ್ಮಾನ ಮಾಡುತ್ತದೆ, ಅಲ್ವಾ? ಎಷ್ಟೋ ಓಣಿಗಳಲ್ಲಿ ಮಲಪ್ರಭೆಯ ನೀರು ಬರಲು ದಿನಗಟ್ಟಲೆ ಕಾಯಬೇಕು. ಖುಷಿಯ ಮಾತು ಅಂದರೆ ನಾಯಿಗೆ ತಿಂಗಳಿಗೊಂದು ಸ್ನಾನ ಧಾರಾಳ ಸಾಕು. ವಾರ ವಾರ ತೊಳೆದರೆ ಚರ್ಮದ ಎಣ್ಣೆ ಹೋಗಿ ತುರಿಕೆ ಶುರುವಾಗುತ್ತದೆ. ಚರ್ಮರೋಗಕ್ಕೆ ಡಾಕ್ಟರು ಔಷಧದ ಶಾಂಪೂ ಬರೆದುಕೊಟ್ಟಿದ್ದರೆ ಅವರ ಲೆಕ್ಕವೇ ಲೆಕ್ಕ.

ಬಿಸಿಲು ಇರುವ ದಿನ, ಮಧ್ಯಾಹ್ನಕ್ಕೆ ಮೊದಲು ಶುರುಮಾಡಿ. ಬಚ್ಚಲಿನ ಟೈಲ್ಸ್ ಮೇಲೆ ಒಂದು ಒದ್ದೆ ಗೋಣಿಚೀಲ ಹಾಸಿ. ಕಾಲು ಜಾರುತ್ತದೆ ಅನ್ನುವ ಹೆದರಿಕೆಗೇ ಎಷ್ಟೋ ನಾಯಿಗಳು ಸ್ನಾನ ಅಂದರೆ ಓಡುತ್ತವೆ. ಗೋಣಿ ಹಾಸಿದ ದಿನದಿಂದ ಮುತ್ತು ನನ್ನ ಅಂಗಿ ಹರಿಯುವುದನ್ನು ಬಿಟ್ಟಿತು.

ನೀರು ಉಗುರುಬೆಚ್ಚಗೆ ಇರಲಿ. ಕತ್ತಿನಿಂದ ಹಿಂದಕ್ಕೆ ಹಾಕುತ್ತಾ ಹೋಗಿ, ತಲೆಗೆ ಸುರಿಯಬೇಡಿ. ಮುಖವನ್ನು ಕೊನೆಗೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಎರಡು ಪದರದ ಕೂದಲು ಬೇಗ ನೆನೆಯುವುದಿಲ್ಲ, ಬೆರಳು ಆಡಿಸಿ ಬುಡ ಒದ್ದೆಯಾಗಿದೆಯಾ ನೋಡಿ. ಶಾಂಪೂವನ್ನು ಒಂದು ಮಗ್ ನೀರಲ್ಲಿ ಕಲಸಿ ಹಾಕಿ. ಹಾಗೇ ಮೈಮೇಲೆ ಸುರಿದರೆ ಒಂದೇ ಕಡೆ ಅಂಟಿ ಕೂರುತ್ತದೆ, ತೊಳೆಯಲು ಹೋಗುವುದಿಲ್ಲ.

ನಮ್ಮ ಶಾಂಪೂ ಯಾಕೆ ಬೇಡ ಅಂತ ಎಲ್ಲರೂ ಕೇಳುತ್ತಾರೆ. ನಮ್ಮ ಚರ್ಮ ಸ್ವಲ್ಪ ಆಮ್ಲದ ಕಡೆಗೆ, ಪಿಎಚ್ ಸುಮಾರು 5.5. ನಾಯಿಯದು 7ರ ಹತ್ತಿರ. ನಮಗೆ ಹೊಂದುವುದು ಅದಕ್ಕೆ ಹೊಂದುವುದಿಲ್ಲ. ಬಟ್ಟೆ ಸೋಪು, ಪಾತ್ರೆ ಸೋಪು, ನೆಲ ಒರೆಸುವ ಫಿನೈಲ್, ಆಸ್ಪತ್ರೆ ವಾಸನೆಯ ದ್ರಾವಣ, ಯಾವುದೂ ಬೇಡ. ಫಿನೈಲ್ ಅಂತೂ ವಿಷ, ನಾಯಿ ಮೈ ನೆಕ್ಕುವ ಪ್ರಾಣಿ.

ನೊರೆ ಹಾಕಿದ್ದಕ್ಕಿಂತ ಎರಡು ಪಟ್ಟು ಹೊತ್ತು ತೊಳೆಯಿರಿ. ಹೊಟ್ಟೆ ಕೆಳಗೆ, ಕಂಕುಳಲ್ಲಿ ಶಾಂಪೂ ಉಳಿದರೆ ನಾಳೆಯಿಂದ ಕೆರೆತ ಗ್ಯಾರಂಟಿ.

ಆಮೇಲೆ ಒರೆಸುವುದು. ಹಳೇ ಪಂಚೆ, ಟವೆಲ್ ಏನಾದರೂ ಆಗಲಿ, ಒತ್ತಿ ಒತ್ತಿ ನೀರು ಹೀರಿಸಿ. ಗರಗರ ಉಜ್ಜಿದರೆ ಮತ್ತೆ ಗಂಟು. ಮಳೆಗಾಲದಲ್ಲಿ, ಅದರಲ್ಲೂ ಜುಲೈ ತಿಂಗಳ ಧಾರವಾಡದ ಜಿಟಿಜಿಟಿಯಲ್ಲಿ, ಮೇಲೆ ಒಣಗಿದ ಹಾಗೆ ಕಂಡರೂ ಒಳ ಉಣ್ಣೆ ಒದ್ದೆಯೇ ಇರುತ್ತದೆ. ಅಲ್ಲೇ ಹಸಿ ಹುಣ್ಣು ಹುಟ್ಟುವುದು. ಹೇರ್ ಡ್ರೈಯರ್ ಹಿಡಿದರೆ ತಣ್ಣನೆ ಗಾಳಿಯಲ್ಲಿ, ದೂರದಿಂದ ಹಿಡಿಯಿರಿ. ಪೂರ್ತಿ ಒಣಗಿದ ಮೇಲೆ ಇನ್ನೊಮ್ಮೆ ಹಣಿಗೆ ಆಡಿಸಿ.

ಹಂತ 3: ಕಿವಿ, ಹಲ್ಲು

ನಾಯಿಯ ಕಿವಿಯ ದಾರಿ ನೇರ ಇಲ್ಲ, ಕೆಳಗಿಳಿದು ಒಳಕ್ಕೆ ತಿರುಗುತ್ತದೆ. ಕಡ್ಡಿ ಹಾಕಿದರೆ ಕೊಳೆ ಇನ್ನೂ ಆಳಕ್ಕೆ ಹೋಗುತ್ತದೆ. ಬೆರಳಿಗೆ ಹತ್ತಿ ಸುತ್ತಿ, ಬೆರಳು ಹೋಗುವಷ್ಟು ಮಾತ್ರ ಒರೆಸಿ. ಕೆಟ್ಟ ವಾಸನೆ, ಕಂದು ಜಿಗುಟು, ತಲೆ ಕೊಡವುವುದು ಕಂಡರೆ ಡಾಕ್ಟರ್ ಹತ್ತಿರ ಹೋಗಿ. ಹಲ್ಲಿಗೆ ನಾಯಿಯ ಪೇಸ್ಟ್ ಇದೆ. ನಮ್ಮದು ಬೇಡ, ನಾಯಿ ಉಗುಳುವುದಿಲ್ಲ, ನುಂಗುತ್ತದೆ.

ಹಂತ 4: ಉಗುರು ಮತ್ತು ಎರೆಮಣ್ಣು

ನಾಯಿ ಮೊಸಾಯಿಕ್ ನೆಲದ ಮೇಲೆ ನಡೆಯುವಾಗ ಟಕ್ ಟಕ್ ಸದ್ದು ಕೇಳಿದರೆ ಉಗುರು ಬೆಳೆದಿದೆ ಅಂತ ಅರ್ಥ. ಉಗುರಿನ ಒಳಗೆ ರಕ್ತದ ನರ ಇದೆ. ಬಿಳಿ ಉಗುರಾದರೆ ಗುಲಾಬಿ ಬಣ್ಣದಲ್ಲಿ ಕಾಣುತ್ತದೆ. ಕಪ್ಪು ಉಗುರಾದರೆ ಕಾಣುವುದಿಲ್ಲ. ಅದಕ್ಕೆ ಅಕ್ಕಿಕಾಳಿನ ದಪ್ಪದಷ್ಟು ಕತ್ತರಿಸಿ, ಕತ್ತರಿಸಿದ ಮುಖ ನೋಡಿ. ಒಣಗಿದ ಸುಣ್ಣದ ಹಾಗಿದ್ದರೆ ಇನ್ನೂ ಜಾಗ ಇದೆ. ನಡುವೆ ಒಂದು ಚುಕ್ಕಿ ಕಂಡಿತೋ, ನಿಲ್ಲಿಸಿ. ತಪ್ಪಿ ರಕ್ತ ಬಂದರೆ ಕಾರ್ನ್‌ಫ್ಲೋರ್ ಒತ್ತಿ ಕೆಲವು ನಿಮಿಷ ಹಿಡಿಯಿರಿ. ನಾನು ಒಮ್ಮೆ ತಪ್ಪಿದ್ದೇನೆ. ಗಾಯ ಎರಡು ದಿನದಲ್ಲಿ ಮಾಯಿತು. ಆದರೆ ಆರು ತಿಂಗಳು ಮುತ್ತು ನನ್ನ ಕೈಗೆ ಕಾಲು ಕೊಡಲಿಲ್ಲ. ಮುಂಗಾಲಿನ ಒಳಮಗ್ಗಲಲ್ಲಿ ಹೆಬ್ಬೆರಳಿನ ಥರ ಇನ್ನೊಂದು ಉಗುರು ಇರುತ್ತದೆ, ಮರೆಯಬೇಡಿ. ಅದು ನೆಲಕ್ಕೆ ತಾಗುವುದಿಲ್ಲ, ಸವೆಯುವುದಿಲ್ಲ, ಸುತ್ತಿಕೊಂಡು ಮಾಂಸಕ್ಕೇ ಚುಚ್ಚುತ್ತದೆ.

ಇನ್ನು ಮಣ್ಣು. ನವಲಗುಂದ, ಅಣ್ಣಿಗೇರಿ, ಗದಗ ಕಡೆಯ ಎರೆಹೊಲದಲ್ಲಿ ಮಳೆ ಬಿದ್ದಾಗ ನಡೆದವರಿಗೆ ಗೊತ್ತು, ಒಂದೊಂದು ಕಾಲಿಗೂ ಒಂದೊಂದು ಕಿಲೋ ಮಣ್ಣು. ನಾಯಿಯ ಬೆರಳ ಸಂದಿಯಲ್ಲೂ ಅದೇ ಕಥೆ. ಒಣಗಿದರೆ ಕಲ್ಲು. ನಾಯಿ ಕುಂಟುತ್ತಿದೆ ಅಂತ ಗಾಬರಿಯಾಗಿ ಆಸ್ಪತ್ರೆಗೆ ಓಡುವ ಮೊದಲು ಅಂಗಾಲು ತಿರುಗಿಸಿ ನೋಡಿ. ಒಣಮಣ್ಣನ್ನು ಕೀಳಬೇಡಿ, ಕೂದಲು ಕಿತ್ತುಬರುತ್ತದೆ. ಕಾಲನ್ನು ಹತ್ತು ನಿಮಿಷ ನೀರಿನ ಬುಟ್ಟಿಯಲ್ಲಿ ಇಟ್ಟರೆ ತಾನೇ ಕರಗುತ್ತದೆ. ಸಂದಿಯ ಕೂದಲನ್ನು ಗಿಡ್ಡ ಇಟ್ಟರೆ ಇನ್ನೂ ಒಳ್ಳೆಯದು.

ಹಂತ 5: ಉಣ್ಣಿ

ಉಣ್ಣೆ ಇದ್ದಲ್ಲಿ ಉಣ್ಣಿ ಇದ್ದದ್ದೇ. ಕಿವಿಯ ಒಳಗೆ, ಬೆಲ್ಟಿನ ಕೆಳಗೆ, ಬೆರಳ ಸಂದಿ, ಬಾಲದ ಬುಡ, ಈ ನಾಲ್ಕು ಕಡೆ ದಿನಾ ಕೈಯಾಡಿಸಿ. ಸಿಕ್ಕರೆ ಚಿಮಟದಿಂದ ಚರ್ಮಕ್ಕೆ ಎಷ್ಟು ಹತ್ತಿರ ಆಗುತ್ತದೋ ಅಷ್ಟು ಹತ್ತಿರ ಹಿಡಿದು, ತಿರುಚದೆ ನೇರವಾಗಿ ಎಳೆಯಿರಿ. ಸೋಪಿನ ನೀರಿಗೆ ಹಾಕಿ. ಉಗುರಲ್ಲಿ ಒರೆಯಬೇಡಿ. ಸೀಮೆಎಣ್ಣೆ, ಬೀಡಿ ಕಿಡಿ, ಹೊಲಕ್ಕೆ ಹೊಡೆಯುವ ಔಷಧ, ಈ ಹಳ್ಳಿ ಉಪಾಯಗಳನ್ನು ದಯವಿಟ್ಟು ಬಿಡಿ. ಹೊಲದ ಔಷಧಿಯಿಂದ ಉಣ್ಣಿಗಿಂತ ಮೊದಲು ನಾಯಿ ಸಾಯಬಹುದು.

ಇನ್ನೊಂದು ಮಾತು. ಉಣ್ಣಿ ನಾಯಿಯ ಮೇಲೆ ಮಾತ್ರ ಇರುವುದಿಲ್ಲ. ರಕ್ತ ಕುಡಿದು ಉಬ್ಬಿದ ಹೆಣ್ಣು ಉಣ್ಣಿ ಕೆಳಗುದುರಿ, ಗೋಡೆ ಬಿರುಕಿನಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ. ಅದಕ್ಕೇ ಔಷಧಿ ಹಾಕಿದ ವಾರಕ್ಕೆ ಮತ್ತೆ ಹೊಸ ದಂಡು. ನಾಯಿ ಮಲಗುವ ಜಾಗದ ಬಿರುಕು ಮುಚ್ಚಿಸಿ, ಹಾಸಿಗೆಯನ್ನು ಬಿಸಿನೀರಲ್ಲಿ ಒಗೆಯಿರಿ. ಉಣ್ಣಿಯ ಗುಳಿಗೆ, ಹನಿ ಔಷಧಗಳೆಲ್ಲ ನಾಯಿಯ ತೂಕದ ಮೇಲೆ ಕೊಡುವಂಥವು, ಡಾಕ್ಟರನ್ನು ಕೇಳಿಯೇ ತನ್ನಿ. ಮನೆಯಲ್ಲಿ ಬೆಕ್ಕೂ ಇದ್ದರೆ ಅದನ್ನೂ ಹೇಳಿ, ನಾಯಿಗೆ ಹಾಕುವ ಪರ್ಮೆಥ್ರಿನ್ ಬೆಕ್ಕಿಗೆ ವಿಷ. ಜ್ವರ, ಊಟ ಬಿಡುವುದು, ವಸಡು ಬಿಳಚುವುದು, ಮೂಗಲ್ಲಿ ರಕ್ತ, ಇವು ಉಣ್ಣಿ ಜ್ವರದ ಲಕ್ಷಣಗಳು. ಅವತ್ತೇ ಹೋಗಬೇಕು, ನಾಳೆ ಅಂತ ಬೇಡ. ಮೈ ಮುಟ್ಟಿ ಜ್ವರ ಅಂತ ತೀರ್ಮಾನ ಮಾಡಬೇಡಿ. ನಾಯಿಯ ಮೈ ಆರೋಗ್ಯವಾಗಿದ್ದಾಗಲೂ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇರುತ್ತದೆ, ನಮ್ಮ ಕೈಗೆ ಬಿಸಿಯೇ.

ಬೇಸಿಗೆಯಲ್ಲಿ ಬೋಳಿಸಬೇಕಾ?

ಏಪ್ರಿಲ್ ಬಂತು ಅಂದರೆ ಈ ಪ್ರಶ್ನೆ. ಎರಡು ಪದರದ ನಾಯಿಯನ್ನು ಬೋಳಿಸಬೇಡಿ. ಬಾಚಿದ ಕೂದಲು ಬಿಸಿಲನ್ನೂ ತಡೆಯುತ್ತದೆ, ಗಾಳಿಯನ್ನೂ ಆಡಿಸುತ್ತದೆ. ಬೋಳಿಸಿದರೆ ಬಿಸಿಲು ನೇರ ಚರ್ಮಕ್ಕೆ, ಮತ್ತೆ ಬೆಳೆಯುವ ಕೂದಲು ಮೊದಲಿನ ಹಾಗೆ ಬರುತ್ತದೆ ಅನ್ನುವ ಖಾತ್ರಿಯೂ ಇಲ್ಲ. ನಾಯಿ ಬೆವರುವುದು ಅಂಗಾಲಲ್ಲಿ ಮಾತ್ರ, ಉಳಿದ ಬಿಸಿಯನ್ನು ತೇಕುತ್ತಾ ಹೊರಹಾಕುತ್ತದೆ. ಹಾಗಾಗಿ ನೆರಳು, ನೀರು, ಬೆಳಿಗ್ಗೆ ಏಳರೊಳಗೆ ವಾಕಿಂಗ್. ಡಾಂಬರು ರಸ್ತೆಗೆ ಅಂಗೈ ಹಿಂಬದಿ ಇಟ್ಟು ಐದು ಎಣಿಸಿ. ನಿಮಗೆ ಆಗದಿದ್ದರೆ ಅದಕ್ಕೂ ಆಗುವುದಿಲ್ಲ. ಹುಬ್ಬಳ್ಳಿಯಲ್ಲಿ ಹಿಮದ ನಾಡಿನ ಹಸ್ಕಿ ನಾಯಿ ಸಾಕಬೇಕು ಅನ್ನುವವರಿಗೆ ನನ್ನ ಉತ್ತರ ಒಂದೇ: ಬೇಡ.

ಎಲ್ಲ ಮುಗಿದ ಮೇಲೆ ಏನಾದರೂ ತಿನ್ನಲು ಕೊಡಿ. ನಮ್ಮನೆಯಲ್ಲಿ ಖಡಕ್ ರೊಟ್ಟಿಯ ಒಂದು ಚೂರು. ಪೇಡಾ ಬೇಡ, ಈರುಳ್ಳಿ ಹಾಕಿದ್ದು ಯಾವುದೂ ಬೇಡ, ಚಾಕೊಲೇಟ್ ಮತ್ತು ದ್ರಾಕ್ಷಿ ಅಂತೂ ಖಂಡಿತ ಬೇಡ. ಈಗ ಡಬ್ಬಿಯಿಂದ ಹಣಿಗೆ ತೆಗೆದ ಸದ್ದು ಕೇಳಿದರೆ ಸಾಕು, ಮುತ್ತು ತಾನೇ ಬಂದು ಮಗ್ಗಲಾಗುತ್ತದೆ. ಬಕೆಟ್ ಸದ್ದು ಕೇಳಿದರೆ ಮಾತ್ರ ಇವತ್ತಿಗೂ ಮಂಚದ ಕೆಳಗೆ.