ಆಟಿಸಂ ಮಕ್ಕಳ ಜೊತೆ ಮೈಕ್ ಇಲ್ಲದ ಬೈಠಕ್: ಧಾರವಾಡದಲ್ಲಿ ನಾವು ಮಾಡಿದ್ದು

"ಆಟಿಸಂ ಮಕ್ಕಳನ್ನ ಕೂರಿಸ್ಕೊಂಡು ಹಿಂದೂಸ್ತಾನಿ ಕಛೇರಿಯಾ? ಆಲಾಪ ಮುಗಿಯೋದ್ರೊಳಗೆ ಸಭೆ ಖಾಲಿ ಆಗ್ತದೆ" ಅಂದವರು ಸಂಗೀತದವರೇ. ಈಗ ಎರಡು ವರ್ಷದಿಂದ ಹೆಚ್ಚುಕಡಿಮೆ ಎರಡು ತಿಂಗಳಿಗೊಮ್ಮೆ ನಮ್ಮ ಬೈಠಕ್, ಅಂದರೆ ಹತ್ತಿರ ಕೂತು ಕೇಳುವ ಚಿಕ್ಕ ಕಛೇರಿ, ನಡೆಯುತ್ತಿದೆ. ಹದಿನೈದು-ಇಪ್ಪತ್ತು ಕುಟುಂಬಗಳು ಬರುತ್ತವೆ. ಹುಬ್ಬಳ್ಳಿಯಿಂದ ಚಿಗರಿ ಬಸ್ ಹತ್ತಿ ಬರುವವರೂ ಇದ್ದಾರೆ. ಬೇರೆ ಊರಿನ ಸಂಘಟಕರು ಕೇಳುತ್ತಿದ್ದಾರೆ, ಅದಕ್ಕೆ ಬರೆಯುತ್ತಿದ್ದೇನೆ.

ಮೊದಲ ಕಾರ್ಯಕ್ರಮ ಏಪ್ರಿಲ್ 2, ವಿಶ್ವ ಆಟಿಸಂ ದಿನಕ್ಕೆ. ದುಡ್ಡು ಕೊಟ್ಟವರಿಗೆ ದೊಡ್ಡ ಹಾಲ್, ಬಲೂನು, ಭಾಷಣ ಎಲ್ಲ ಬೇಕಿತ್ತು. ಖರ್ಚು ಮೂವತ್ತೈದು ಸಾವಿರದ ಹತ್ತಿರ, ಅದರಲ್ಲಿ ಅರ್ಧ ಸೌಂಡು-ಲೈಟಿಗೇ ಹೋಯಿತು. ಅತಿಥಿಗಳ ಮಾತಿನ ನಡುವೆ ಮೈಕ್ ಕುಂಯ್ ಅಂತ ಕಿರುಚಿತು. ಒಬ್ಬ ಹುಡುಗ ಕಿವಿ ಮುಚ್ಚಿಕೊಂಡು ನೆಲಕ್ಕೆ ಉರುಳಿದ. ಅವನ ತಾಯಿ ಸಾಲಿನ ಉದ್ದಕ್ಕೂ "ಸಾರಿ ರೀ, ಸಾರಿ ರೀ" ಅನ್ನುತ್ತಾ ಅವನನ್ನು ಎತ್ತಿಕೊಂಡು ಹೊರಗೆ ಹೋದರು. ಹಾಡು ಶುರುವಾಗುವ ಹೊತ್ತಿಗೆ ಅರ್ಧ ಕುರ್ಚಿ ಖಾಲಿ. ಮುಂದಿನ ಸಲ ವಾಲ್ಯೂಮ್ ಇಳಿಸಿ ಅಂತ ಹೇಳಿದ್ದೆವು. ಹಿಂದೆ ಕೂತವರಿಗೆ ಕೇಳಿಸಲ್ಲ ಅಂತ ಸೌಂಡಿನವನು ತಾನೇ ಏರಿಸಿದ. ಮತ್ತೆ ಹನ್ನೆರಡು ಸಾವಿರ ನೀರಿಗೆ ಬಿತ್ತು.

ಆಮೇಲೆ ಮೈಕನ್ನೇ ಬಿಟ್ಟೆವು. ಪಡಸಾಲೆಯಲ್ಲಿ ಕೂತು ಗಾಯನ ಕೇಳುವುದು ಧಾರವಾಡಕ್ಕೆ ಹೊಸದೇನಲ್ಲ, ಅಲ್ವಾ? ಒಂದು ತಂಬೂರಿ, ತಬಲಾ, ಹಾಡುವವರು ಒಬ್ಬರು. ನಲವತ್ತು ನಿಮಿಷ, ಅಷ್ಟೇ. ಪ್ರತಿ ಸಲ ಭೂಪ್ ರಾಗದಿಂದಲೇ ಶುರು, ತಾಳ ತೀನ್‌ತಾಲ್. ಹದಿನಾರು ಮಾತ್ರೆ ಸುತ್ತಿ ಸಮಕ್ಕೆ, ಅಂದರೆ ತಾಳದ ಮೊದಲ ಪೆಟ್ಟಿಗೆ, ಬರುವುದನ್ನು ನಮ್ಮ ಮಕ್ಕಳಲ್ಲಿ ಕೆಲವರು ದೊಡ್ಡವರಿಗಿಂತ ಬೇಗ ಹಿಡಿದರು. ಮುಂದೆ ಏನು ಬರುತ್ತದೆ ಅಂತ ಗೊತ್ತಿದ್ದರೆ ಅವರ ಗಾಬರಿ ಅರ್ಧ ಇಳಿಯುತ್ತದೆ. ಅದಕ್ಕೇ ನಾಲ್ಕು ದಿನ ಮೊದಲು ವಾಟ್ಸಾಪಿನಲ್ಲಿ ಫೋಟೋಗಳು ಹೋಗುತ್ತವೆ: ಗೇಟು, ಚಪ್ಪಲಿ ಬಿಡುವ ಜಾಗ, ಹಾಡುವವರು, ಬಾತ್‌ರೂಮು, ಕೊನೆಗೆ ಉಪ್ಪಿಟ್ಟಿನ ತಟ್ಟೆ. ಜೊತೆಗೆ ಅವತ್ತು ಹಾಡುವ ಬಂದಿಶಿನ, ಅಂದರೆ ಆ ರಾಗದ ಹಾಡಿನ, ಎರಡು ನಿಮಿಷದ ರೆಕಾರ್ಡಿಂಗು.

ತಬಲಾ ಸುತ್ತಿಗೆಯ ಟಕ್ ಟಕ್ ಸದ್ದು ಚುಚ್ಚುತ್ತದೆ. ಹಾಗಾಗಿ ಶ್ರುತಿ ಮಾಡುವುದೆಲ್ಲ ಮಕ್ಕಳು ಬರುವ ಮೊದಲೇ. ಗುಂಯ್ ಅನ್ನುವ ಹಳೇ ಟ್ಯೂಬ್‌ಲೈಟ್ ಬೇಡ, ಕಿಟಕಿ ಬೆಳಕು ಸಾಕು. ಚಪ್ಪಾಳೆ ಬದಲು ಕೈ ಎತ್ತಿ ಆಡಿಸುತ್ತೇವೆ. ಪಕ್ಕದ ಕೋಣೆ ಖಾಲಿ ಇಡುತ್ತೇವೆ. ಕಿವಿಗೆ ಹಾಕುವ ಮಫ್ ಹಾರ್ಡ್‌ವೇರ್ ಅಂಗಡಿಯದು, ಒಂದಕ್ಕೆ ನಾನೂರೋ ಐನೂರೋ ಬಿತ್ತು. ಮಗು ಓಡಾಡಲಿ, ಕೂಗಲಿ, ಯಾರೂ ತಿರುಗಿ ನೋಡುವುದಿಲ್ಲ. ತಾಯಂದಿರು ಸಾರಿ ಹೇಳುವುದನ್ನು ನಿಲ್ಲಿಸಿದ್ದಾರೆ. ನನ್ನ ಲೆಕ್ಕದಲ್ಲಿ ಗೆದ್ದದ್ದು ಅಲ್ಲೇ. ಇದನ್ನು ಥೆರಪಿ ಅಂತ ನಾನು ಕರೆಯುವುದಿಲ್ಲ. ಮನೆಮಂದಿಯೆಲ್ಲ ಒಟ್ಟಿಗೆ ಕೂತು ಹಾಡು ಕೇಳಬೇಕು, ಅದಕ್ಕಾಗಿ ಮಾಡುತ್ತೇವೆ.

ಹನ್ನೊಂದರ ಆಸುಪಾಸಿನ ಒಬ್ಬ ಹುಡುಗ ಮಾತಾಡುವುದಿಲ್ಲ. ಮೂರ್ನಾಲ್ಕು ಬೈಠಕ್ ಬಾಗಿಲಲ್ಲೇ ನಿಂತಿದ್ದ. ಒಂದು ದಿನ ಬಂದವನೇ ತಂಬೂರಿಯ ಬುರುಡೆಗೆ ಕೆನ್ನೆ ಹಚ್ಚಿ ಕೂತ. ನುಡಿಸುವವರು ಬೆರಳು ನಿಲ್ಲಿಸಲಿಲ್ಲ. ಈಗ ಅದು ಅವನ ಜಾಗ, ಬೇರೆ ಮಕ್ಕಳೂ ಬಿಟ್ಟುಕೊಡುತ್ತಾರೆ.

ನಡುವೆ ಸುಮ್ನೆ ಒಂದೆರಡು ಪ್ರಯೋಗ ಮಾಡಿದೆ. ಎರಡು ಕಿಲೋ ಜೋಳ ತುಂಬಿದ ಬಟ್ಟೆ ಚೀಲ ತೊಡೆ ಮೇಲೆ ಇಟ್ಟರೆ ಕೆಲವರು ಜಾಸ್ತಿ ಹೊತ್ತು ಕೂರುತ್ತಾರೆ. ಕೆಲವರು ಎಸೆಯುತ್ತಾರೆ, ಒತ್ತಾಯ ಇಲ್ಲ. ಜಗ್ಗಲಿಗೆ ಅನ್ನುವ ದೊಡ್ಡ ಚರ್ಮವಾದ್ಯವನ್ನೂ ತರಿಸಿದ್ದೆ, ಬಯಲಲ್ಲಿ. ಹೆಚ್ಚಿನವರು ದೂರ ಓಡಿದರು. ಆದರೆ ಸದ್ದು ಹುಡುಕಿಕೊಂಡು ಹೋಗುವ ಮೂವರೋ ನಾಲ್ವರೋ ಅದರ ಪಕ್ಕಕ್ಕೆ ಅಂಗೈ ಒತ್ತಿ ಬಿಡಲೇ ಇಲ್ಲ. ಅವರಿಗೆಂದೇ ಬೇರೆ ದಿನ ಇಡಬೇಕು. ಮೊದಲ ಐದು ನಿಮಿಷ ಮಕ್ಕಳನ್ನು ಒಳಗೆ ಕರೆಯಲು ನಮ್ಮ ತಬಲಾದವರು ಒಂದು ಉಪಾಯ ಮಾಡುತ್ತಾರೆ. ಅದನ್ನು ಬರೆಯುವುದಿಲ್ಲ, ಬಂದು ನೋಡಿ.

ಈಗ ಒಂದು ಬೈಠಕ್‌ಗೆ ಆರೇಳು ಸಾವಿರ. ಕಲಾವಿದರ ಸಂಭಾವನೆಯಲ್ಲಿ ಮಾತ್ರ ಕೈ ಬಿಗಿ ಹಿಡಿಯುವುದಿಲ್ಲ, ಉಳಿದದ್ದು ಬಾಡಿಗೆ ಮತ್ತು ಉಪ್ಪಿಟ್ಟು. ಮುಂದೆ ಗದಗದಲ್ಲಿ ಮಾಡುವ ಮಾತು ನಡೆದಿದೆ. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಕಣ್ಣು ಕಾಣದ ಮಕ್ಕಳಿಗೆ ಸಂಗೀತ ಕಲಿಸಿದ ಊರದು, ಅಲ್ಲಿ ಅನುಮಾನ ಪಡುವವರು ಕಡಿಮೆ ಅಂತ ನಂಬಿದ್ದೇನೆ. ಜಾಗ ಹುಡುಕುತ್ತಿರುವ ಗೆಳೆಯರಿಗೆ ಹೇಳಿದ್ದೇನೆ: ಗೋಡೆ ಆಚೆ ಹಿಟ್ಟಿನ ಗಿರಣಿ ಇದ್ದರೆ ಬಾಡಿಗೆ ಎಷ್ಟೇ ಕಡಿಮೆ ಇರಲಿ, ಬೇಡ.