ರಂಗನತಿಟ್ಟಿಗೆ ಕ್ಯಾಮೆರಾ ತಗೊಂಡು ಹೋಗುವವರಿಗೆ

ಮೊದಲ ಸಲ ಹೋದಾಗ ನಾನು ಟ್ರೈಪಾಡ್ ಹೊತ್ತುಕೊಂಡು ಹೋಗಿದ್ದೆ. ಸುಮ್ನೆ ಭಾರ. ದೋಣಿ ಅಲುಗಾಡುತ್ತಲೇ ಇರುತ್ತದೆ, ಅದು ಯಾವ ಕೆಲಸಕ್ಕೂ ಬರಲಿಲ್ಲ. ಕೈಯಲ್ಲೇ ಹಿಡಿದು, ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಳ್ಳಿ. ಹಾರುವ ಹಕ್ಕಿಗೆ ಶಟರ್ ಸ್ಪೀಡ್ 1/1600 ಸೆಕೆಂಡ್ ಆದರೂ ಇರಲಿ.

ಎಲ್ಲರೂ ಎಡವುವುದು ಬಿಳಿ ಬಣ್ಣದಲ್ಲಿ. ಚಮಚ ಕೊಕ್ಕಿನ ಹಕ್ಕಿ ಕಪ್ಪು ನೀರಿನ ಮುಂದೆ ನಿಂತರೆ ಕ್ಯಾಮೆರಾ ಮೋಸ ಹೋಗುತ್ತದೆ, ಗರಿಯೆಲ್ಲ ಸುಣ್ಣ ಬಳಿದಂತೆ ಬರುತ್ತದೆ. ಎಕ್ಸ್‌ಪೋಶರ್, ಅಂದರೆ ಚಿತ್ರಕ್ಕೆ ಬೀಳುವ ಬೆಳಕನ್ನು, ಮೈನಸ್ 0.7ಕ್ಕೆ ಇಳಿಸಿ ನೋಡಿ, ಒಂದೊಂದು ಗರಿಯೂ ಕಾಣುತ್ತದೆ.

ಮರಿಗಳನ್ನು ನೋಡಬೇಕಾದರೆ ಫೆಬ್ರವರಿಯಿಂದ ಮೇ ಒಳಗೆ ಹೋಗಿ. ಬೆಳಕು ಚೆನ್ನಾಗಿರುವುದು ಬೆಳಿಗ್ಗೆ, ನಿಜ. ಆದರೆ ಬಿಸಿಲೇರಿದ ಮೇಲೂ ಸ್ವಲ್ಪ ಕಾಯಿರಿ. ಬಣ್ಣದ ಕೊಕ್ಕರೆ ರೆಕ್ಕೆ ಅರ್ಧ ಬಿಚ್ಚಿ ಮರಿಗಳಿಗೆ ನೆರಳು ಹಿಡಿದು ನಿಲ್ಲುತ್ತದೆ. ಥೇಟ್ ಕೊಡೆ! ಬಂಡೆ ಮೇಲೆ ಬಾಯ್ತೆರೆದು ಮಲಗಿದ ಮೊಸಳೆಯೂ ಆಗ ಸಿಗಬಹುದು. ಅದು ಹೆದರಿಸುತ್ತಿಲ್ಲ, ಮೈ ತಂಪು ಮಾಡಿಕೊಳ್ಳುತ್ತಿದೆ.

ಗೂಡಿನ ಹತ್ತಿರ ದೋಣಿ ಒಯ್ಯಿರಿ ಅಂತ ಅಂಬಿಗರನ್ನು ಮಾತ್ರ ಪೀಡಿಸಬೇಡಿ. ಚಪ್ಪಾಳೆ ತಟ್ಟಿ ಹಕ್ಕಿ ಎಬ್ಬಿಸುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ತಾಯಿ ಹಾರಿಹೋದರೆ ಮರಿ ಬಿಸಿಲಲ್ಲಿ ಬೇಯುತ್ತದೆ, ಅಲ್ವಾ? ಹಾಂ, ಲೆನ್ಸ್ ಒರೆಸಲು ಒಂದು ಒಣ ಬಟ್ಟೆ ಇಟ್ಟುಕೊಳ್ಳಿ, ದೋಣಿಯ ಹುಟ್ಟಿನಿಂದ ನೀರು ಸಿಡಿಯುತ್ತದೆ.