ತಲೆಸುತ್ತಿನ ರೋಗಿಗೆ ಒಳಗಿವಿ ತೋರಿಸುವುದು: ನನ್ನ ಅನುಭವ

ಮಗ್ಗುಲು ಬದಲಿಸಿದರೆ ಮನೆಯೇ ಗಿರ್ರನೆ ತಿರುಗುತ್ತದೆ, ಅರೆನಿಮಿಷದಲ್ಲಿ ನಿಲ್ಲುತ್ತದೆ. ಹೀಗೆ ಹೇಳಿಕೊಂಡು ಇಎನ್‌ಟಿ ಕ್ಲಿನಿಕ್ಕಿಗೆ ಬರುವವರ ಕೈಯಲ್ಲಿ ಹೆಚ್ಚಾಗಿ ಕುತ್ತಿಗೆಯ ಎಕ್ಸ್‌ರೇ, ತಲೆಸುತ್ತಿಗೆ ಕೊಡುವ ಬೀಟಾಹಿಸ್ಟಿನ್ ಮಾತ್ರೆಯ ಖಾಲಿ ಸ್ಟ್ರಿಪ್ ಇರುತ್ತವೆ. ಬಿಪಿ ಏರಿದೆ, ಪಿತ್ತ ಕೆರಳಿದೆ, ಕುತ್ತಿಗೆ ಮೂಳೆ ಸವೆದಿದೆ ಎಂಬ ಕಾರಣಗಳು ಮೊದಲೇ ಮನಸ್ಸಿನಲ್ಲಿ ಕೂತಿರುತ್ತವೆ. ಇವರಲ್ಲಿ ಬಹಳ ಮಂದಿಗೆ ಇರುವುದು ಬಿಪಿಪಿವಿ, ಅಂದರೆ ಒಳಗಿವಿಯ ಕಣಗಳು ಜಾಗ ತಪ್ಪಿ, ತಲೆಯ ಭಂಗಿ ಬದಲಿಸಿದಾಗ ಬರುವ ಸುತ್ತು. ಮಾತ್ರೆ ಬರೆಯದೆ, ತಲೆಯನ್ನು ಅತ್ತಿತ್ತ ತಿರುಗಿಸಿ ಕಳಿಸುವ ಡಾಕ್ಟರನ್ನು ಯಾರು ತಾನೇ ನಂಬುತ್ತಾರೆ? ಒಳಗಿವಿಯಲ್ಲಿ ಏನಾಗುತ್ತಿದೆ ಎಂದು ತೋರಿಸುವ ಅನಿಮೇಷನ್ ಬೇಕಾಗುವುದು ಅದಕ್ಕೇ.

ಒಳಗಿವಿಯ ಯುಟ್ರಿಕಲ್ ಎಂಬ ಚೀಲದಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಕಣಗಳು ಅಂಟಿಕೊಂಡಿರುತ್ತವೆ. ಕಿತ್ತುಬಂದವು ತಲೆ ತಿರುಗುವುದನ್ನು ಗ್ರಹಿಸುವ ಅರೆವೃತ್ತ ನಾಳಕ್ಕೆ, ಅದರಲ್ಲೂ ಹೆಚ್ಚಾಗಿ ಹಿಂಬದಿಯ ನಾಳಕ್ಕೆ ಜಾರುತ್ತವೆ. ತಲೆ ಆಡಿಸಿದಾಗ ಅವು ಉರುಳುತ್ತಾ ನಾಳದ ದ್ರವವನ್ನು ತಳ್ಳುತ್ತವೆ, ತಲೆ ಸುತ್ತಿ ಕಣ್ಣು ಅದುರುತ್ತದೆ. ನೀರು ತುಂಬಿದ ಗಾಜಿನ ಬಳೆಯೊಳಗೆ ಒಂದು ಚಿಟಿಕೆ ಮರಳು ಹಾಕಿದಂತೆ. ರೋಗಿಗೆ ಇಷ್ಟು ತಿಳಿದರೆ ಸಾಕು. ಕಾಕ್ಲಿಯಾ (ಶಬ್ದ ಗ್ರಹಿಸುವ ಸುರುಳಿ), ನರ, ಮೆದುಳು ಎಲ್ಲವನ್ನೂ ಮಿನುಗಿಸುವ ವಿಡಿಯೊ ನೋಡಲು ಚೆಂದ, ಕೆಲಸಕ್ಕೆ ಬಾರದು.

ತಯಾರಾಗಿ ಸಿಗುವ ಎಷ್ಟೋ ವಿಡಿಯೊಗಳಲ್ಲಿ ತಲೆ ಅಲುಗದೆ ಇರುತ್ತದೆ, ಕ್ಯಾಮೆರಾ ಸುತ್ತುತ್ತದೆ. ಆಗ ‘ಕೆಳಗೆ’ ಎಂಬುದು ಯಾವ ಕಡೆ ಎಂದೇ ಗೊತ್ತಾಗುವುದಿಲ್ಲ. ಕಣ ಉರುಳುವುದೇ ಭಾರಕ್ಕೆ. ಅದು ಕಾಣದಿದ್ದರೆ ಉಳಿದದ್ದು ಬರೀ ಅಲಂಕಾರ. ಹಾಗಾಗಿ ಬ್ಲೆಂಡರ್ ಎಂಬ 3ಡಿ ಅನಿಮೇಷನ್ ಸಾಫ್ಟ್‌ವೇರ್‌ನಲ್ಲಿ, ಮರುಬಳಕೆಗೆ ಪರವಾನಗಿಯಿರುವ ಒಳಗಿವಿಯ ಮಾದರಿ ಹಾಕಿಕೊಂಡು ನಾನೇ ಮಾಡಿಕೊಂಡೆ. ಕ್ಯಾಮೆರಾ ಸ್ಥಿರ, ತಲೆಯಷ್ಟೇ ತಿರುಗುತ್ತದೆ, ಮೂಲೆಯಲ್ಲಿ ಕೆಳಮುಖದ ಬಾಣ ಕೊನೆಯವರೆಗೂ ಇರುತ್ತದೆ. ಕ್ಯಾಮೆರಾ ಸುತ್ತುವ ದೃಶ್ಯ ಕಂಡರೆ ತಲೆಸುತ್ತಿನವರಿಗೆ ವಾಕರಿಕೆಯೂ ಬರುತ್ತದೆ, ಅದು ಬೇರೆ.

ತೊಂದರೆಯ ನಾಳಕ್ಕೆ ಮಾತ್ರ ತಿಳಿನೀಲಿ, ಕಣಗಳಿಗೆ ಬಿಳಿ, ಉಳಿದದ್ದೆಲ್ಲ ಮಸುಕು ಬೂದು. ಕೆಂಪು ಹಾಕಬೇಡಿ, ರಕ್ತ ಸೋರುತ್ತಿದೆ ಎಂದುಕೊಳ್ಳುತ್ತಾರೆ. ತಲೆಯನ್ನು ಹಿಂದಿನಿಂದ ತೋರಿಸುವುದು ಮುಖ್ಯ. ಎದುರಿನಿಂದ ತೋರಿಸಿದರೆ ಪರದೆಯ ಬಲಗಿವಿ ರೋಗಿಯ ಎಡಗಡೆಗೆ ಬರುತ್ತದೆ. ಮನೆಗೆ ಹೋಗಿ ತಪ್ಪು ಕಿವಿಗೆ ವ್ಯಾಯಾಮ ಮಾಡುತ್ತಾರೆ. ಬಲಕ್ಕೊಂದು, ಎಡಕ್ಕೊಂದು ಫೈಲ್ ಬೇರೆ ಬೇರೆ ಇರಲಿ, ಹೆಸರು ದಪ್ಪ ಅಕ್ಷರದಲ್ಲಿರಲಿ. ಕಣ ಹಿಂಬದಿಯ ನಾಳದ ಬದಲು ಅಡ್ಡನಾಳಕ್ಕೆ ಹೋಗಿದ್ದರೆ ಚಿಕಿತ್ಸೆಯೇ ಬೇರೆ, ಅದಕ್ಕೆ ಈ ವಿಡಿಯೊ ಹಾಕಲೇಬಾರದು.

ಪರೀಕ್ಷೆಗೆ ಮುಂಚೆ, ರೋಗಿ ಮಂಚದ ಮೇಲೆ ಕೂತು ಕನ್ನಡಕ ಹಾಕಿಕೊಂಡಿರುವಾಗಲೇ, ಮೊದಲ ತುಣುಕು ತೋರಿಸುತ್ತೇನೆ. ಇಪ್ಪತ್ತು ಸೆಕೆಂಡು, ಶಬ್ದವಿಲ್ಲ. ವಿವರಣೆ ನನ್ನ ಬಾಯಿಂದಲೇ ಬರಬೇಕು, ಎಲ್ಲಿ ಹುಬ್ಬು ಗಂಟಿಕ್ಕಿತೋ ಅಲ್ಲಿ ನಿಲ್ಲಿಸಬಹುದು. ಆಮೇಲೆ ಡಿಕ್ಸ್-ಹಾಲ್‌ಪೈಕ್ ಪರೀಕ್ಷೆ: ತಲೆಯನ್ನು ಒಂದು ಕಡೆಗೆ ತಿರುಗಿಸಿ ಥಟ್ಟನೆ ಹಿಂದಕ್ಕೆ ಮಲಗಿಸಿ ಕಣ್ಣು ನೋಡುವುದು. ಮಲಗಿಸಿದ ಕೆಲವು ಸೆಕೆಂಡಿನ ನಂತರ ಕಣ್ಣು ಅದುರಲು ಶುರುವಾಗಿ, ಒಂದು ನಿಮಿಷದೊಳಗೆ ನಿಲ್ಲುತ್ತದೆ. ಅನಿಮೇಷನ್ನಿನಲ್ಲೂ ತಲೆ ನಿಂತು ಮೂರು ಸೆಕೆಂಡಾದ ಮೇಲೆಯೇ ಕಣ ಉರುಳಬೇಕು. ಆ ತಡ ಹೊಂದಿಕೆಯಾದಾಗಲೇ ‘ಹೌದು, ನನಗೂ ಹಿಂಗೇ ಆಗೋದು’ ಎನ್ನುತ್ತಾರೆ. ಒಪ್ಪಿಗೆ ಪಡೆದು ಅವರ ಕಣ್ಣನ್ನೇ ಫೋನಿನಲ್ಲಿ ಹಿಡಿದು ಪಕ್ಕದಲ್ಲಿಟ್ಟು ತೋರಿಸಿ, ನಂತರ ಅಳಿಸಿಬಿಡುತ್ತೇನೆ.

ಎರಡನೆಯ ತುಣುಕು ತಲೆ ತಿರುಗಿಸಿ ಕಣಗಳನ್ನು ಚೀಲಕ್ಕೆ ಮರಳಿಸುವ ಎಪ್ಲಿ ವಿಧಾನದ್ದು, ಸುತ್ತು ಪೂರ್ತಿ ಇಳಿದ ಮೇಲೆ ಮಾತ್ರ. ಬಲಗಿವಿಯಾದರೆ ತಲೆ ಬಲಕ್ಕೆ 45 ಡಿಗ್ರಿ, ಹಾಗೇ ಹಿಂದಕ್ಕೆ ಮಲಗಿ ತಲೆ ಮಂಚದಿಂದ ತುಸು ಕೆಳಗೆ. ಅಲ್ಲಿಂದ ಎಡಕ್ಕೆ 90. ಮೈಯನ್ನೂ ಹೊರಳಿಸಿ ಮತ್ತೆ 90, ಮೂಗು ನೆಲದ ಕಡೆ. ಕೊನೆಗೆ ಎದ್ದು ಕೂರುವುದು. ಮಲಗಿದ ಪ್ರತಿ ಭಂಗಿಯಲ್ಲೂ 30 ಸೆಕೆಂಡಿನಿಂದ ಒಂದು ನಿಮಿಷ. ವಿಡಿಯೊದಲ್ಲಿ ಇದನ್ನು ಮೊಟಕು ಮಾಡಿದರೆ ಮನೆಯಲ್ಲಿ ಅವರೂ ಸರಸರನೆ ಮುಗಿಸುತ್ತಾರೆ, ಕಣ ಅರ್ಧದಾರಿಯಿಂದ ಹಿಂದಕ್ಕೆ ಬರುತ್ತದೆ. ಪರದೆಯಲ್ಲಿ ಸೆಕೆಂಡು ಎಣಿಸುವ ಅಂಕಿ ಓಡುತ್ತಿರಲಿ.

ಹಿಗ್ಗಿಸಿ ತೋರಿಸುವುದರಿಂದ ಇನ್ನೊಂದು ಪೇಚು. ‘ಡಾಕ್ಟ್ರೇ, ಕಿವೀಲಿ ಕಲ್ಲಿದ್ಯಾ? ಆಪರೇಷನ್ ಮಾಡಿ ತೆಗೀಬೇಕಾ?’ ಕಿಡ್ನಿ ಕಲ್ಲಿನ ಚಿತ್ರ ಕಣ್ಣಮುಂದೆ ಬಂದಿರುತ್ತದೆ. ಅದಕ್ಕೇ ಶುರುವಿನಲ್ಲೇ ಬೆರಳತುದಿಯ ಪಕ್ಕ ನಾಳದ ನಿಜವಾದ ಅಳತೆ ತೋರಿಸುತ್ತೇನೆ, ಇಡೀ ಸುರುಳಿಯ ಅಗಲವೇ ಒಂದು ಸೆಂಟಿಮೀಟರ್ ಇಲ್ಲ. ಕಣಗಳು ಮಿಲಿಮೀಟರಿನ ನೂರನೆಯ ಒಂದು ಭಾಗದ ಆಸುಪಾಸು. ಸ್ಕ್ಯಾನಿಂಗ್‌ನಲ್ಲಿ ಕಾಣುವುದಿಲ್ಲ, ತೆಗೆಯುವುದೂ ಬೇಕಿಲ್ಲ, ಇದ್ದ ಜಾಗಕ್ಕೆ ಮರಳಿದರೆ ಆಯಿತು. ಮಾತ್ರೆ ನುಂಗಿದರೆ ಕಣ ಜಾಗ ಬದಲಿಸುವುದಿಲ್ಲ ಎಂಬುದೂ ಇಲ್ಲೇ ಅವರಿಗೆ ಹೊಳೆಯುತ್ತದೆ.

ಕಣಗಳೆಲ್ಲ ಚೊಕ್ಕವಾಗಿ ಚೀಲ ಸೇರುವ ಕೊನೆಯ ದೃಶ್ಯದ ಬಗ್ಗೆ ನನಗೆ ಸ್ವಲ್ಪ ಅನುಮಾನವೇ. ನಿಜದಲ್ಲಿ ಆಮೇಲೂ ಕೆಲವು ದಿನ ತೇಲಿದಂತೆ ಅನ್ನಿಸಬಹುದು, ತಿಂಗಳುಗಳ ನಂತರ ಮರುಕಳಿಸಲೂಬಹುದು. ಪರದೆ ಆರಿಸುವ ಮೊದಲೇ ಇದನ್ನು ಹೇಳದಿದ್ದರೆ ಚಿಕಿತ್ಸೆ ಫಲಿಸಲಿಲ್ಲ ಎಂದು ಬೇರೆ ಕಡೆ ಹೋಗುತ್ತಾರೆ. ರಾತ್ರಿಯೆಲ್ಲ ಕೂತೇ ನಿದ್ದೆ ಮಾಡಬೇಕೆಂಬ ಹಳೆಯ ಕಟ್ಟುಪಾಡು ಬೇಡವೆಂದು 2017ರ ಅಮೆರಿಕದ ಇಎನ್‌ಟಿ ಮಾರ್ಗಸೂಚಿಯೇ ಹೇಳಿದೆ. ವಿಡಿಯೊದಲ್ಲಿ ದಿಂಬಿನ ರಾಶಿ ಇದ್ದರೆ ಕತ್ತರಿಸಿ.

ವಿಡಿಯೊ ಮುಗಿದ ಮೇಲೆ ‘ಈಗ ನೀವೇ ಹೇಳಿ, ಯಾವ ಕಿವಿ, ಮೊದಲು ಎತ್ತ ತಿರುಗಬೇಕು?’ ಎಂದು ಕೇಳುತ್ತೇನೆ. ಸರಿಯಾಗಿ ಹೇಳಿದವರಿಗೆ, ಕುತ್ತಿಗೆ ತೊಂದರೆ ಇಲ್ಲದಿದ್ದರೆ ಮಾತ್ರ, ಫೈಲನ್ನು ವಾಟ್ಸಾಪ್ ಮಾಡುತ್ತೇನೆ. ಅದು ಮನೆಮಂದಿಗೆಲ್ಲ ಹಂಚಿಹೋಗುವುದು ಖಂಡಿತ. ಆದ್ದರಿಂದ ಮೊದಲ ಚೌಕಟ್ಟಿನಲ್ಲೇ ಬರೆದಿರುತ್ತದೆ: ಮಾತು ತೊದಲಿದರೆ, ಒಂದು ಎರಡಾಗಿ ಕಂಡರೆ, ಕೈಕಾಲು ಸೋತರೆ, ಹಠಾತ್ತನೆ ಕಿವಿ ಕೇಳದಾದರೆ ಇದನ್ನು ಮಾಡಬೇಡಿ, ನೇರ ಆಸ್ಪತ್ರೆಗೆ ಹೋಗಿ.